ಗೋಡೌನಿನ ಆಟಕ್ಕೆ ನಿಯಮ ಬರೆಯುವವರು ಯಾರು?

ಗೋಡೌನ್ ಕೆಲಸಕ್ಕೆ ಆಟ ಬೆರೆಸುವುದನ್ನು ನಾನು ವಿರೋಧಿಸುವುದಿಲ್ಲ. ಪರದೆ ತೋರಿಸಿದ ಸಾಮಾನು ತೆಗೆಯುವುದು, ಸ್ಕ್ಯಾನ್ ಮಾಡುವುದು, ಡಬ್ಬಿಗೆ ಹಾಕುವುದು, ಮತ್ತೆ ಅದೇ. ಎಂಟು ಗಂಟೆ ಹೀಗೆ ನಿಂತರೆ ಮೈಗಿಂತ ಮೊದಲು ಮನಸ್ಸು ದಣಿಯುತ್ತದೆ. ಜರ್ಮನಿಯ ಲೈಪ್‌ಜಿಗ್‌ನ ಒಂದು ಗೋಡೌನಿನಲ್ಲಿ ಶಿಫ್ಟ್ ಹಂಚುವುದು ನನ್ನ ಕೆಲಸ. ಈ ದಣಿವನ್ನು ದಿನಾ ನೋಡುತ್ತೇನೆ. ಅಂಕ, ಬ್ಯಾಡ್ಜ್, ತಂಡಗಳ ಪೈಪೋಟಿ ಅದನ್ನು ಸ್ವಲ್ಪ ಹಗುರ ಮಾಡಿದರೆ ಮಾಡಲಿ. ಆದರೆ ಆ ಆಟದ ನಿಯಮ ಬರೆಯುವಾಗ ಆಡುವವರನ್ನು ಯಾರಾದರೂ ಕೇಳಿದ್ದಾರಾ?

ಅಮೆಜಾನ್ ತನ್ನ ಕೆಲವು ಗೋಡೌನ್‌ಗಳಲ್ಲಿ ಇಂಥ ಆಟಗಳನ್ನು ತಂದಿದೆ ಎಂದು 2019ರಲ್ಲಿ ಪತ್ರಿಕೆಗಳಲ್ಲಿ ಬಂತು. ಪಿಕ್ಕರ್, ಅಂದರೆ ಸಾಮಾನು ತೆಗೆಯುವ ಕೆಲಸಗಾರ, ಸಾಮಾನು ತೆಗೆದಷ್ಟೂ ಪರದೆಯ ಮೇಲೆ ಕಾರು ಓಡುತ್ತದೆ. ಇನ್ನೊಂದು ಆಟದಲ್ಲಿ ಕೋಟೆ ಏಳುತ್ತದೆ. ಇಷ್ಟವಿದ್ದವರು ಆಡಲಿ, ಬೇಡದವರು ಬಿಡಲಿ ಎಂದಿತು ಕಂಪನಿ. ಅಷ್ಟಾದರೂ ಒಳ್ಳೆಯದೇ. ಏಕೆಂದರೆ ಅದಕ್ಕೂ ಕೆಲವು ವರ್ಷ ಮೊದಲು ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ, ಡಿಸ್ನಿಲ್ಯಾಂಡ್ ಹೋಟೆಲ್‌ಗಳ ಬಟ್ಟೆ ಒಗೆಯುವ ವಿಭಾಗದಲ್ಲಿ ನಡೆದದ್ದು ಬೇರೆ. ಅಲ್ಲಿ ಗೋಡೆಗೆ ದೊಡ್ಡ ಪರದೆ ಹಾಕಿ, ಯಾರು ಎಷ್ಟು ವೇಗವಾಗಿದ್ದಾರೆ ಎಂದು ಹೆಸರಿನ ಸಮೇತ ತೋರಿಸಿದರು. ಟಾರ್ಗೆಟ್ ಮುಟ್ಟಿದವರು ಹಸಿರು, ಹಿಂದೆ ಬಿದ್ದವರು ಕೆಂಪು. ಹಿಂದೆ ಬೀಳುವ ಭಯಕ್ಕೆ ಶೌಚಾಲಯಕ್ಕೂ ಹೋಗದವರು ಇದ್ದರು. ಕೆಲಸಗಾರರು ಅದನ್ನು ಕರೆದದ್ದು 'ಎಲೆಕ್ಟ್ರಾನಿಕ್ ಚಾಟಿ' ಎಂದು.

ಜರ್ಮನಿಯಲ್ಲಿ ಇಂಥ ಪರದೆಯನ್ನು ಮ್ಯಾನೇಜರ್ ತನಗೆ ಅನಿಸಿದ ದಿನ ತಂದು ನೇತುಹಾಕಲು ಆಗುವುದಿಲ್ಲ. 1972ರ ಕಾರ್ಮಿಕ ಮಂಡಳಿ ಕಾನೂನಿನ 87ನೇ ಕಲಮು ಅದಕ್ಕೆ ಅಡ್ಡ ನಿಲ್ಲುತ್ತದೆ. ಕೆಲಸಗಾರರ ನಡವಳಿಕೆ ಅಥವಾ ಕೆಲಸದ ಮೇಲೆ ಕಣ್ಣಿಡುವ ಯಾವುದೇ ಯಂತ್ರ ಬರಬೇಕಾದರೆ, ಕೆಲಸಗಾರರೇ ಆರಿಸಿದ ಮಂಡಳಿ ಒಪ್ಪಬೇಕು. ಮಂಡಳಿ ಇರುವ ಕಡೆಯ ಮಾತು ಇದು. ಒಪ್ಪದಿದ್ದರೆ ವಿಷಯ ರಾಜಿ ಸಮಿತಿಗೆ ಹೋಗುತ್ತದೆ. ನಮ್ಮಲ್ಲಿ ಅಂಕದ ಬೋರ್ಡು ಬರುವ ಮುಂಚೆ ಇದೇ ಮಾತುಕತೆ ನಡೆಯಿತು. ಜನ ಬೇಸರಪಡುವಷ್ಟು ಉದ್ದ ನಡೆಯಿತು. ಕೊನೆಗೆ ಬೋರ್ಡಿನಲ್ಲಿ ತಂಡದ ಅಂಕ ಮಾತ್ರ, ಒಬ್ಬೊಬ್ಬರ ಹೆಸರಿಲ್ಲ. ಶಿಫ್ಟ್ ಮುಗಿದರೆ ಲೆಕ್ಕ ಅಳಿಸಿಹೋಗುತ್ತದೆ. ಸಂಬಳಕ್ಕೂ ಅದಕ್ಕೂ ಸಂಬಂಧವಿಲ್ಲ. ಈಗ ಕೆಲವರು ಖುಷಿಯಿಂದ ಆಡುತ್ತಾರೆ, ಕೆಲವರು ಬೋರ್ಡಿನ ಕಡೆ ತಲೆ ಎತ್ತಿಯೂ ನೋಡುವುದಿಲ್ಲ. ಇಬ್ಬರಿಗೂ ಜಾಗ ಇದೆ, ಅದು ನನಗೆ ಹಿಡಿಸಿತು.

ಇಲ್ಲಿ ಎಲ್ಲವೂ ಸರಿಯಿದೆ ಅಂತ ಅಲ್ಲ. ವಿನ್ಸೆನ್ ಊರಿನ ಅಮೆಜಾನ್ ಗೋಡೌನಿನಲ್ಲಿ ಕೆಲಸಗಾರರ ವೇಗವನ್ನು ಬಿಡುವಿಲ್ಲದೆ ಅಳೆಯುವುದು ತಪ್ಪಲ್ಲ ಎಂದು ಹ್ಯಾನೋವರ್ ನ್ಯಾಯಾಲಯ 2023ರಲ್ಲಿ ಹೇಳಿತು. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ.

ನಮ್ಮ ಕಡೆಯ ಮಾತಿಗೆ ಬಂದರೆ, ಕೆಲಸದಲ್ಲಿ ಆಟ ನಮಗೆ ಹೊಸದೇ? ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ನಮ್ಮಪ್ಪ ದಲಾಲಿ ಅಂಗಡಿಯ ಗುಮಾಸ್ತರಾಗಿದ್ದರು. ಸುಗ್ಗಿಯಲ್ಲಿ ಹಮಾಲರು ಎರಡು ಗುಂಪಾಗಿ ಎರಡು ಲಾರಿ ತುಂಬುತ್ತಿದ್ದರು. ಚೀಲ ಎಣಿಸುತ್ತಾ ಒಬ್ಬರನ್ನೊಬ್ಬರು ಛೇಡಿಸುವುದು, ಸೋತವರು ಚಹಾ ಕೊಡಿಸುವುದು. ಘಾಟಿಗೆ ಕೆಮ್ಮುತ್ತಲೇ ನಗುತ್ತಿದ್ದರು. ಸೊಂಟ ಹಿಡಿದವನಿಗೆ ಯಾರೋ ಹಗುರ ಚೀಲ ಬಿಟ್ಟುಕೊಡುತ್ತಿದ್ದರು. ಪಂದ್ಯ ಬೇಡ ಅನಿಸಿದ ದಿನ ಆಡುತ್ತಿರಲಿಲ್ಲ. ಕೂಲಿ ಹೇಗೂ ಚೀಲದ ಲೆಕ್ಕದಲ್ಲಿ ಸಿಗುತ್ತಿತ್ತು, ಒಂದು ಚೀಲಕ್ಕೆ ಎಷ್ಟು ಅನ್ನೋದು ಎಲ್ಲರಿಗೂ ಗೊತ್ತಿತ್ತು. ಹಮಾಲರ ಬದುಕು ಸುಖದ್ದಾಗಿರಲಿಲ್ಲ, ನಿಜ. ಆದರೆ ಆ ಆಟ ಅವರದೇ ಆಗಿತ್ತು.

ಈಗಿನ ಡೆಲಿವರಿ ಆ್ಯಪ್‌ಗಳ ಇನ್ಸೆಂಟಿವ್ ನೋಡಿ. ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ಹಣ, ಒಂದೇ ಒಂದು ಕಡಿಮೆಯಾದರೂ ಆ ಹಣ ಕೈತಪ್ಪುತ್ತದೆ. ಮುಂದಿನ ವಾರ ಟಾರ್ಗೆಟ್ ಏರಿರಬಹುದು. ಗೆರೆ ಮುಟ್ಟುವ ಹೊತ್ತಿಗೆ ಗೆರೆಯನ್ನೇ ಹಿಂದಕ್ಕೆ ಎಳೆದರೆ ಕಬಡ್ಡಿ ಯಾರು ಆಡ್ತಾರೆ? ಡೆಲಿವರಿ ಮಾಡುವವರು ಆಡುತ್ತಾರೆ, ಯಾಕಂದರೆ ಮನೆಬಾಡಿಗೆ ಆ ಗೆರೆಯ ಮೇಲೆ ನಿಂತಿದೆ. ಗೋಡೌನ್‌ಗಳ ಒಳಗಿನ ಒತ್ತಡ ಎಂಥದ್ದು ಎಂಬುದು 2024ರಲ್ಲಿ ಹರಿಯಾಣದ ಮಾನೇಸರ್‌ನಿಂದ ಬಂದ ಸುದ್ದಿಯಲ್ಲಿ ಕಂಡಿತು. ಲಾರಿಗಳು ಖಾಲಿಯಾಗುವವರೆಗೆ ನೀರು, ಶೌಚಾಲಯಕ್ಕೆ ಹೋಗುವುದಿಲ್ಲ ಎಂದು ಕೆಲಸಗಾರರಿಂದ ಪ್ರತಿಜ್ಞೆ ಮಾಡಿಸಿದರು ಎಂಬ ದೂರು ಅದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೋಟಿಸ್ ಕೊಟ್ಟಿತು. ಅಂಥ ಜಾಗಕ್ಕೆ ಅಂಕದ ಬೋರ್ಡು ಬಂದರೆ ಏನಾಗಬಹುದು ಎಂದು ನೆನೆದರೆ ಭಯವಾಗುತ್ತದೆ.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ, ಅಂದರೆ ಇಂಥ ಆ್ಯಪ್‌ಗಳ ಮೂಲಕ ದುಡಿಯುವವರಿಗಾಗಿ, ಕಾನೂನು ತಂದಿತು. ಆ್ಯಪ್ ತನ್ನ ಲೆಕ್ಕಾಚಾರದಲ್ಲಿ ಪಾರದರ್ಶಕವಾಗಿರಬೇಕು ಎನ್ನುವ ಮಾತು ಅದರಲ್ಲಿದೆ. ಇದು ನಿಜಕ್ಕೂ ಹೆಮ್ಮೆಯ ವಿಷಯ. ಆದರೆ ಹೊಸಕೋಟೆ, ನೆಲಮಂಗಲದ ಗೋಡೌನ್‌ಗಳಲ್ಲಿ ಗುತ್ತಿಗೆದಾರರ ಕೆಳಗೆ ತಿಂಗಳ ಸಂಬಳಕ್ಕೆ ದುಡಿಯುವ ಪಿಕ್ಕರ್‌ಗಳು ಆ ಕಾನೂನಿನೊಳಗೆ ಬರುವುದಿಲ್ಲ. ಅವರಿಗೆ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಇರುವಂಥ ನಿಯಮ ಬೇಕು. ಅಲ್ಲಿ ಟಾರ್ಗೆಟ್ ಎಷ್ಟು ಎಂಬುದನ್ನು ದೊಡ್ಡ ಗೋಡೌನ್‌ಗಳು ಕೆಲಸಗಾರರಿಗೆ ಬರೆದುಕೊಡಬೇಕು. ಊಟಕ್ಕೆ, ಶೌಚಾಲಯಕ್ಕೆ ಅಡ್ಡಿಯಾಗುವ ಟಾರ್ಗೆಟ್ ಇಡುವಂತಿಲ್ಲ.

ಕಾನೂನು ಬರುವವರೆಗೆ ಸುಮ್ನೆ ಕೂರಬೇಕಾಗಿಲ್ಲ. ಬೆಂಗಳೂರಿನಲ್ಲಿ ಇಂಥ ಸಾಫ್ಟ್‌ವೇರ್ ಬರೆಯುವ ಹುಡುಗ ಹುಡುಗಿಯರು ನಮ್ಮವರೇ ಇದ್ದಾರೆ. ಬೋರ್ಡು ನೇತುಹಾಕುವ ಮುಂಚೆ ರಾತ್ರಿ ಶಿಫ್ಟಿನ ನಾಲ್ಕು ಜನ ಪಿಕ್ಕರ್‌ಗಳ ಜೊತೆ ಚಹಾ ಕುಡಿದು, ಯಾವ ಅಂಕ ಯಾರಿಗೆ ಕಾಣಬೇಕು, ಆಡದವನಿಗೆ ಏನಾಗುತ್ತದೆ ಎಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ.