ಸಾಹೇಬರ ಚರ್ಚ್ ಬೇರೆ, ಬಾಸೆಲ್ ಮಿಷನ್ ಚರ್ಚ್ ಬೇರೆ

‘ಧಾರವಾಡ, ಹುಬ್ಬಳ್ಳಿಯ ಹಳೇ ಚರ್ಚುಗಳನ್ನೆಲ್ಲ ಬ್ರಿಟಿಷರು ಮತಾಂತರಕ್ಕೆಂದೇ ಕಟ್ಟಿಸಿದರು’ ಎಂದು ಲೇಖಕರು ಬರೆದಿದ್ದಾರೆ. ಬ್ರಿಟಿಷ್ ಸಾಹೇಬರ ಚರ್ಚು, ಬಾಸೆಲ್ ಮಿಷನ್ ಚರ್ಚು ಎರಡನ್ನೂ ಸುಮ್ನೆ ಒಂದೇ ಮಾಡಿಬಿಟ್ಟಿರಲ್ಲ ಸರ್! 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಹೆಚ್ಚಾಗಿ ಜರ್ಮನ್, ಸ್ವಿಸ್ ಜನ. ಕನ್ನಡ ಕಲಿತು, ಶಾಲೆ ತೆರೆದು ಊರವರ ನಡುವೆ ಧರ್ಮಪ್ರಚಾರ ಮಾಡಿದವರು ಅವರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರವೇ ಜರ್ಮನ್ ಪಾದ್ರಿಗಳನ್ನು ಹಿಡಿದಿಟ್ಟು ದೇಶದಿಂದ ಹೊರಗೆ ಕಳಿಸಿತು. ತಮ್ಮವರೇ ಆಗಿದ್ದರೆ ಹೀಗೆ ಮಾಡುತ್ತಿದ್ದರಾ?

ಆಂಗ್ಲಿಕನ್ನರು, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನವರು, ಪ್ರಚಾರ ಮಾಡಲೇ ಇಲ್ಲ ಅಂತಲ್ಲ. ಆದರೆ ಜಿಲ್ಲಾ ಕೇಂದ್ರಗಳಲ್ಲಿ ಅವರ ಚರ್ಚು ಮುಖ್ಯವಾಗಿ ಇದ್ದದ್ದು ಕಲೆಕ್ಟರು, ಸೈನಿಕರು, ರೈಲ್ವೆ ಸಾಹೇಬರ ಭಾನುವಾರದ ಪ್ರಾರ್ಥನೆಗೆ, ಮದುವೆಗೆ, ಮಣ್ಣಿಗೆ. ಧಾರವಾಡದಲ್ಲಿ ಅಂಥ ಸಾಹೇಬರಿಗೆ ಬರವಿರಲಿಲ್ಲ. ಈಗಿನ ಕರ್ನಾಟಕ ಕಾಲೇಜಿನ ಕಟ್ಟಡವೇ ಆಗ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ. ಸಾಹೇಬರಿಗೆಂದು ನೇಮಿಸಿದ ಪಾದ್ರಿಗಳಿಗೆ ಸಂಬಳ ಹೋಗುತ್ತಿದ್ದುದು ಸರ್ಕಾರದ ಖಜಾನೆಯಿಂದ. ಅಂದರೆ ನಮ್ಮ ರೈತರು ಕಟ್ಟಿದ ಕಂದಾಯದಿಂದ. ಟೀಕೆ ಮಾಡುವುದಿದ್ದರೆ ಇದನ್ನು ಮಾಡಬೇಕಿತ್ತು, ಅಲ್ವಾ?