ಸಂಡೂರಿನ ಗುಡ್ಡದಲ್ಲಿ ಬರೀ ಅದಿರು ಇದೆಯಾ?

ಸಂಡೂರು ಅಂದರೆ ಬಳ್ಳಾರಿ ಬಿಸಿಲು, ಲಾರಿ, ಕೆಂಪು ಧೂಳು ಅಂದುಕೊಂಡವರೇ ಜಾಸ್ತಿ. ಮಳೆಗಾಲದಲ್ಲೊಮ್ಮೆ ಬಂದು ನೋಡಿ. ಬಯಲು ಮುಗಿದು ಗುಡ್ಡದ ಸಾಲು ಶುರುವಾದರೆ ಗಾಳಿಯೇ ಬೇರೆ. ಕುಮಾರಸ್ವಾಮಿ ಬೆಟ್ಟದ ಮೇಲೆ ಮೋಡ ಕೂತುಬಿಟ್ಟಿರುತ್ತದೆ. ಬ್ರಿಟಿಷರು ತಂಪು ಹುಡುಕಿಕೊಂಡು ರಾಮನದುರ್ಗ ಹತ್ತಿದ್ದು ಸುಮ್ನೆ ಅಲ್ಲ.

ಸುತ್ತ ಗುಡ್ಡ, ನಡುವೆ ಕಣಿವೆ, ಕಣಿವೆಯಲ್ಲಿ ಊರು. ನಾರಿಹಳ್ಳ ಈ ಗುಡ್ಡಗಳ ನೀರನ್ನೆಲ್ಲ ಕೂಡಿಸಿಕೊಂಡು, ಗುಡ್ಡವನ್ನೇ ಸೀಳಿ ದರೋಜಿ ಕೆರೆ ಕಡೆಗೆ ಹೊರಡುತ್ತದೆ. ತಾರಾನಗರದ ಹತ್ತಿರ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ.

ಈ ನೀರು ಎಲ್ಲಿಂದ ಬರುತ್ತದೆ? ನನ್ನ ತಕರಾರು ಇರುವುದೇ ಇಲ್ಲಿ. ಕಬ್ಬಿಣದ ಅದಿರಿನ ಪದರದಲ್ಲಿ ಬಿರುಕು, ತೂತು ಜಾಸ್ತಿ. ಮಳೆ ನೀರು ಅದರೊಳಗೆ ಇಳಿದು ಕೂರುತ್ತದೆ, ಆಮೇಲೆ ನಿಧಾನಕ್ಕೆ ಕೆಳಗೆ ಒರತೆಯಾಗಿ ಜಿನುಗುತ್ತದೆ. ಅಂದರೆ ಅದಿರು ಇರುವ ಜಾಗವೇ ನೀರಿನ ತೊಟ್ಟಿ. ಲಾರಿಯಲ್ಲಿ ಹೋಗುವುದು ಬರೀ ಕಬ್ಬಿಣ ಅಲ್ಲ, ಅಲ್ವಾ?

ಟನ್ ಲೆಕ್ಕ ಎಲ್ಲರಿಗೂ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರು ಮಾಡಲು ಬಿಟ್ಟಾಗ ವರ್ಷಕ್ಕೆ 2.5 ಕೋಟಿ ಟನ್ ಮಿತಿ ಹಾಕಿತು. 2022ರ ಹೊತ್ತಿಗೆ ಅದು 3.5 ಕೋಟಿಗೆ ಏರಿತು. 2024ರಲ್ಲಿ ಇಲ್ಲಿನ ದೇವದಾರಿ ಗುಡ್ಡದಲ್ಲಿ ಹೊಸ ಗಣಿ ಬೇಡ ಅಂತ ಗಲಾಟೆ ಎದ್ದಾಗ ಕಡಿಯಬೇಕಾದ ಮರಗಳ ಲೆಕ್ಕವೂ ಬಂತು, ಸುಮಾರು 99 ಸಾವಿರ ಅಂತ. ಒಳ್ಳೆಯದೇ. ಒರತೆ ಎಷ್ಟು ಅಂತ ಕೇಳಿದವರನ್ನು ಮಾತ್ರ ನಾನು ಕಾಣೆ.

ಗಣಿ ಪೂರ್ತಿ ಮುಚ್ಚಿ ಅಂತ ನಾನು ಹೇಳುತ್ತಿಲ್ಲ. 2011ರಲ್ಲಿ ನಿಂತಾಗ ಸಾಲ ಮಾಡಿ ಲಾರಿ ತಗೊಂಡವರ ಪಾಡು, ಕೂಲಿ ತಪ್ಪಿದವರ ಪಾಡು ಬೆಂಗಳೂರಲ್ಲಿ ಕೂತು ಭಾಷಣ ಮಾಡುವವರಿಗೆ ಗೊತ್ತಾಗುವುದಿಲ್ಲ. ಹಾಗಂತ ರಸ್ತೆ ಪಕ್ಕದ ಹೊಲದ ಜೋಳದ ಎಲೆ ಒರೆಸಿದರೆ ಬೆರಳಿಗೆ ಕೆಂಪು ಹತ್ತುವುದನ್ನೂ ಅಭಿವೃದ್ಧಿ ಅಂತ ಒಪ್ಪಲಾಗುವುದಿಲ್ಲ.

ಗಣಿ ಪ್ರದೇಶದ ಪುನಶ್ಚೇತನಕ್ಕೆ ಅಂತಲೇ ಸಾವಿರಾರು ಕೋಟಿ ದುಡ್ಡಿದೆ. ಅದರಲ್ಲಿ ರಸ್ತೆ, ಕಟ್ಟಡ ಆಮೇಲೆ ಮಾಡಿ. ಮೊದಲು ತಾಲ್ಲೂಕಿನ ಒರತೆ, ಹಳ್ಳಗಳ ನಕ್ಷೆ ಮಾಡಿಸಿ. ಪ್ರತಿ ಬೇಸಿಗೆ ನೀರು ಅಳೆದು ಪುರಸಭೆ ಬಾಗಿಲಲ್ಲಿ ಬೋರ್ಡು ಹಾಕಿ. ಹೊಸ ಗುತ್ತಿಗೆ ಕೊಡುವಾಗ ಆ ಬೋರ್ಡಿನ ಅಂಕಿಯೂ ಕಡತದಲ್ಲಿರಲಿ.