ಉಜ್ಜುವ ಮೊದಲು ಅಚ್ಚು ನೋಡಿ

ಎರಡು ದ್ರವ ಕಲಸಿ ಅಚ್ಚಿಗೆ ಹೊಯ್ದರೆ ಗಟ್ಟಿ ಪ್ಲಾಸ್ಟಿಕ್ ಆಗುವ ಪಾಲಿಯುರೆಥೇನ್ ರೆಸಿನ್‌ನಲ್ಲಿ ಎರಕ ಹೊಯ್ಯುವವರಲ್ಲಿ ಒಂದು ಧೈರ್ಯ ಇರುತ್ತದೆ. ಭಾಗ ಹೇಗಾದರೂ ಬರಲಿ, ಆಮೇಲೆ ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಹೊಡೆದರೆ ಆಯ್ತು ಅಂತ. ನಾನು ಇದನ್ನು ಒಪ್ಪುವುದಿಲ್ಲ. ಒಂದೇ ತುಂಡು ಬೇಕಿದ್ದರೆ ಸರಿ, ಉಜ್ಜಿಕೊಳ್ಳಿ. 20 ಬೇಕಿದ್ದರೆ? ಮೂಲ ಮಾದರಿಯ ಮೇಲೆ ಬಿಟ್ಟ ಒಂದು ಗೀರನ್ನು 20 ಸಲ ತೆಗೆಯುತ್ತಾ ಕೂರಬೇಕು. ಆ ಮಾದರಿಯ ಮೇಲೆ ಹೊಯ್ದು ಮಾಡುವ ಸಿಲಿಕೋನ್ ಅಚ್ಚು ಬೆರಳ ಗುರುತನ್ನೂ ಬಿಡದೆ ಎತ್ತಿಕೊಳ್ಳುತ್ತದೆ, ಗೀರನ್ನು ಬಿಡುತ್ತದಾ?

ಗುಳ್ಳೆ ಬಂತು ಅಂದ ಕೂಡಲೇ ಪ್ರೆಷರ್ ಪಾಟ್ (ಗಾಳಿಯ ಒತ್ತಡದಿಂದ ಗುಳ್ಳೆ ಕುಗ್ಗಿಸುವ ಪಾತ್ರೆ) ಕೊಳ್ಳುವ ಮಾತು ಶುರುವಾಗುತ್ತದೆ. ಒಳ್ಳೆಯ ಸಾಧನವೇ. ಆದರೆ ದುಡ್ಡು ಹಾಕುವ ಮುಂಚೆ ಒಂದು ತುಂಡು ಕತ್ತರಿಸಿ ನೋಡಿ. ಯಾವುದೋ ಮೂಲೆಯಲ್ಲಿ ನುಣುಪಾದ ದೊಡ್ಡ ಕುಳಿ ಇದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ಅಚ್ಚನ್ನು ಓರೆ ಮಾಡಿ ಹೊಯ್ಯಿರಿ, ಆ ಮೂಲೆಯಿಂದ ಗಾಳಿ ಹೋಗಲು ಸಣ್ಣ ದಾರಿ ಕೊರೆಯಿರಿ. ಒಳಗೆಲ್ಲ ಸ್ಪಂಜಿನಂತೆ ಸಣ್ಣ ಸಣ್ಣ ತೂತಿದ್ದರೆ ಕಾರಣ ಬಹುಪಾಲು ತೇವ. ರೆಸಿನ್ನಿನ ಎರಡು ದ್ರವಗಳಲ್ಲಿ ಒಂದರಲ್ಲಿರುವ ರಾಸಾಯನಿಕ ಐಸೊಸೈನೇಟ್‌ಗೆ ನೀರು ತಾಗಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. (ಹಾಸಿಗೆಯ ಫೋಮ್ ಉಬ್ಬುವುದೂ ಇದರಿಂದಲೇ. ಅಲ್ಲಿ ಬೇಕೆಂದೇ ನೀರು ಸೇರಿಸುತ್ತಾರೆ.) ಪೇಪರ್ ಲೋಟ, ಮರದ ಕಡ್ಡಿ ಎರಡರಲ್ಲೂ ತೇವ ಇರುತ್ತದೆ. ಪ್ಲಾಸ್ಟಿಕ್ ಲೋಟ, ಲೋಹದ ಕಡ್ಡಿ ತಗೊಳ್ಳಿ. ರೆಸಿನ್ ಡಬ್ಬಿಯ ಮುಚ್ಚಳ ತೆಗೆದಿಟ್ಟು ಫೋನ್‌ನಲ್ಲಿ ಮಾತಾಡುತ್ತಾ ನಿಲ್ಲಬೇಡಿ.

ಬೇಗ ಗಟ್ಟಿಯಾಗುವ ರೆಸಿನ್‌ಗಳಲ್ಲಿ ಕೈಗೆ ಸಿಗುವುದು 2-3 ನಿಮಿಷ. ಆ ಅವಸರದಲ್ಲಿ ಲೋಟದ ತಳ, ಅಂಚು ಕೆರೆದು ಕಲಸುವುದನ್ನು ಬಿಟ್ಟರೆ ಭಾಗದ ಮೇಲೆ ಅಲ್ಲಲ್ಲಿ ಜಿಗುಟು ಉಳಿಯುತ್ತದೆ. ಅದನ್ನು ಯಾವ ಸ್ಯಾಂಡ್ ಪೇಪರ್ ಕೂಡ ಸರಿಮಾಡಲ್ಲ.

ಎರಡು ಹೋಳಿನ ಅಚ್ಚಾದರೆ ಜೋಡಣೆಯ ಗೆರೆಯನ್ನು ಭಾಗದ ಚೂಪು ಅಂಚಿನ ಮೇಲೇ ಬರುವಂತೆ ಇಡಿ. ಬ್ಲೇಡಿನಿಂದ ಒಮ್ಮೆ ಕೆರೆದರೆ ಹೋಗುತ್ತದೆ. ಅದೇ ಗೆರೆ ನುಣುಪಾದ ಕೆನ್ನೆಯ ಮಧ್ಯೆ ಬಂತೋ, 220ರ ಒರಟು ಸ್ಯಾಂಡ್ ಪೇಪರಿನಿಂದ 400, 600ರ ನಯವಾದದ್ದರ ತನಕ ಉಜ್ಜುವುದೇ ಗತಿ.

ಫಿನಿಶಿಂಗ್‌ನಲ್ಲಿ ಸುಮ್ನೆ ಬಿಟ್ಟುಬಿಡುವ ಕೆಲಸವೆಂದರೆ ತೊಳೆಯುವುದು. ಅಚ್ಚು ಬಿಡಿಸಲು ಹೊಡೆದ ಸ್ಪ್ರೇ ಭಾಗಕ್ಕೂ ಅಂಟಿರುತ್ತದೆ. ಸೋಪಿನ ನೀರಲ್ಲಿ ತಿಕ್ಕಿ ತೊಳೆದು ಚೆನ್ನಾಗಿ ಒಣಗಿಸದಿದ್ದರೆ ಪ್ರೈಮರ್ ಸಿಪ್ಪೆಯಾಗಿ ಏಳುತ್ತದೆ. ಆಗ ಬೈಗುಳ ತಿನ್ನುವುದು ಪಾಪ ಬಣ್ಣ!

ಪೂರ್ತಿ ಗಟ್ಟಿಯಾದ ಮೇಲೆಯೇ ಉಜ್ಜಿ, ಅದೂ ನೀರು ಹಾಕಿಕೊಂಡು, ಮಾಸ್ಕ್ ಹಾಕಿಕೊಂಡು. ಹೊಯ್ಯುವಾಗ ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ. ಐಸೊಸೈನೇಟ್‌ನಿಂದ ಆಸ್ತಮಾ ಬರಬಹುದು. ಒಮ್ಮೆ ಮೈಗೆ ಅದು ಒಗ್ಗದೆ ಹೋದರೆ ಆಮೇಲೆ ಸ್ವಲ್ಪ ಸೋಕಿದರೂ ಉಸಿರು ಕಟ್ಟುತ್ತದೆ. "ನನಗೇನೂ ಆಗಿಲ್ಲ ಬಿಡಿ" ಅನ್ನುವವರ ಜೊತೆ ನಾನು ವಾದ ಮಾಡಲ್ಲ, ಆದರೆ ಅವರ ಪಕ್ಕ ನಿಂತು ಕೆಲಸವನ್ನೂ ಮಾಡಲ್ಲ.